ಅಂಚೆಚೀಟಿಯ ಬೆನ್ನಿನ ಜಾಗ

ನನ್ನ ಅಕ್ಷರ ಬಲು ಚಿಕ್ಕದು. ಇದೊಂದು ದೋಷವೆಂದು ನಾನು ಎಂದೂ ಭಾವಿಸಿದವನಲ್ಲ. ಆದರೆ ಕಳೆದ ವಾರ, ಇಲ್ಲಿ ಅಮೆರಿಕದ ವುಡ್‌ರಿಡ್ಜಿನ ಶಾಲೆಯಲ್ಲಿ ಮೂರನೆಯ ತರಗತಿ ಓದುತ್ತಿರುವ ನನ್ನ ಮಗಳು ಸೀಮಾ, ನಾನು ಬರೆದುಕೊಟ್ಟಿದ್ದ ರಜೆಯ ಚೀಟಿಯನ್ನು ಹೋದ ಹಾಗೆಯೇ ವಾಪಸು ತಂದು ಊಟದ ಮೇಜಿನ ಮೇಲಿಟ್ಟು, "ಡ್ಯಾಡಿ, ಮೈ ಟೀಚರ್ ಕಾಂಟ್ ರೀಡ್ ದಿಸ್. ಶೀ ಸೇಸ್ ರೈಟ್ ಬಿಗ್ಗರ್" ಎಂದಳು. ಚೀಟಿಯ ಕೆಳಗೆ ಆ ಟೀಚರಮ್ಮನೂ ಅದೇ ವಿನಂತಿಯನ್ನು ಕೆಂಪು ಶಾಯಿಯಲ್ಲಿ ದುಂಡುದುಂಡಗೆ ಬರೆದಿದ್ದರು. ಅವರ ಆ ಒಂದು ಸಾಲು ಆಕ್ರಮಿಸಿದ ಜಾಗ ನನ್ನ ಕೈಗೆ ಸಿಕ್ಕಿದ್ದರೆ, ಮಗಳ ಜ್ವರದ ಆದ್ಯಂತ ಚರಿತ್ರೆಯನ್ನೂ ವೈದ್ಯರು ಕೊಟ್ಟ ಔಷಧಿಯ ವಿವರವನ್ನೂ ಬರೆದು ಮುಗಿಸಿ, ಸಹಿಗೂ ಸ್ಥಳ ಉಳಿಸಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ವಸುಮತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಚೀಟಿಯನ್ನು ನೋಡಿ ನಕ್ಕಳು. ನಕ್ಕವಳು ಅದೇನನ್ನೋ ನೆನಸಿಕೊಂಡು ಚೀಟಿಯ ಮೂಲೆಯನ್ನು ಬೆರಳಿನಿಂದ ಸವರಿದಳು. ಆ ನಗುವಿಗೂ ಆ ನೆನಪಿಗೂ ಕಾರಣ ಒಂದೇ. ಅದನ್ನು ಹೇಳುವುದಕ್ಕೆ ಹತ್ತು ವರ್ಷ ಹಿಂದಕ್ಕೆ, ಇನ್ನೂರ ಎಂಬತ್ತು ಮೈಲಿ ಪೂರ್ವಕ್ಕೆ, ಡೆಟ್ರಾಯಿಟಿಗೆ ಹೋಗಬೇಕು. ತಾವೂ ಜೊತೆಗೆ ಬಂದರೆ ದಾರಿ ಸಾಗುತ್ತದೆ.

ಹುಟ್ಟಿನಿಂದಲೇ ನನ್ನ ಅಕ್ಷರ ಹೀಗಿರಲಿಲ್ಲ. ಮೈಸೂರಿನಲ್ಲಿ ಕಾಪಿ ಪುಸ್ತಕ ತಿದ್ದುತ್ತಿದ್ದಾಗ ಅದು ಸಾಕಷ್ಟು ಮೈಕೈ ತುಂಬಿಕೊಂಡೇ ಇತ್ತು. ಅರವತ್ತೆಂಟರ ಸೆಪ್ಟೆಂಬರಿನಲ್ಲಿ ಎಂಟು ಡಾಲರು ಜೇಬಿನಲ್ಲಿಟ್ಟುಕೊಂಡು, ಎಂಜಿನಿಯರಿಂಗಿನಲ್ಲಿ ಮಾಸ್ಟರ್ಸ್ ಮಾಡುವೆನೆಂದು ಡೆಟ್ರಾಯಿಟಿಗೆ ಬಂದಿಳಿದ ಮೇಲೆ ನನ್ನ ಅಕ್ಷರವೂ ನಾನೂ ಒಟ್ಟೊಟ್ಟಿಗೆ ಸೊರಗತೊಡಗಿದೆವು. ಅದಕ್ಕೆ ಮೂಲಕಾರಣ ಏಳೂವರೆಯ ಮಗ್ಗಿ. ಆಗ ಒಂದು ಡಾಲರಿಗೆ ಏಳೂವರೆ ರೂಪಾಯಿ. ಬಾಲ್ಯದಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ನನ್ನ ತಲೆಗೆ ತುಂಬಿದ ಗುರುಗಳು, ಮುಂದೊಂದು ದಿನ ಅದು ಶಿಷ್ಯನ ಅನ್ನಪಾನಗಳನ್ನೇ ಅಪಹರಿಸೀತೆಂದು ಕನಸಿನಲ್ಲೂ ಎಣಿಸಿರಲಾರರು. ವಿಶ್ವವಿದ್ಯಾಲಯದ ಪಡಸಾಲೆಯಲ್ಲಿ ಒಂದು ಕಾಫಿಯಂತ್ರವಿತ್ತು. ಹತ್ತು ಸೆಂಟಿನ ನಾಣ್ಯ ಹಾಕಿದರೆ ಒಂದು ಕಾಗದದ ಲೋಟ ಕಾಫಿ. ನಾನು ಅದರ ಮುಂದೆ ನಿಂತು ಗುಣಿಸುತ್ತಿದ್ದೆ. ಮುಕ್ಕಾಲು ರೂಪಾಯಿ! ಅಷ್ಟು ದುಡ್ಡಿಗೆ ಮೈಸೂರಿನಲ್ಲಿ ಕಾಫಿಯ ಜೊತೆಗೆ ಮಸಾಲೆದೋಸೆಯನ್ನೂ ತಿಂದು, ಮಾಣಿಯ ಕುಶಲವನ್ನೂ ವಿಚಾರಿಸಿ ಬರಬಹುದಾಗಿತ್ತು. ಹೀಗೆ ಎರಡು ತಿಂಗಳು ಕಾಫಿಯನ್ನು ಗುಣಿಸಿದೆನೇ ಹೊರತು ಕುಡಿಯಲಿಲ್ಲ. ತಲೆನೋವು ಮಾತ್ರ ಯಾವ ವಿನಿಮಯ ದರವೂ ಇಲ್ಲದೆ ಪುಕ್ಕಟೆಯಾಗಿ ದೊರೆಯಿತು.

ಈ ರೋಗಕ್ಕೆ ಚಿಕಿತ್ಸೆ ಮಾಡಿದವನು ನನ್ನ ಕೋಣೆಯ ಜೊತೆಗಾರ ಪಾಟೀಲ. ಧಾರವಾಡದವನು, ನನಗಿಂತ ಒಂದು ವರ್ಷ ಮೊದಲೇ ಬಂದು ನೆಲೆಯೂರಿದ್ದವನು, ಆರಡಿ ಎತ್ತರದ ಉದಾರಿ. ಹಳೆಯ ಮನೆಯೊಂದರ ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮೂಲೆ, ಒಂದು ಟೆಲಿಫೋನು ನಮ್ಮಿಬ್ಬರ ಸಂಸಾರ. ಕಾಫಿಯಂತ್ರದ ಮುಂದೆ ನಾನು ಧ್ಯಾನಸ್ಥನಾಗಿ ನಿಂತಿದ್ದನ್ನು ಒಂದು ದಿನ ಕಂಡ ಆತ, ತಾನೇ ನಾಣ್ಯ ಹಾಕಿ ಲೋಟವನ್ನು ನನ್ನ ಕೈಗಿತ್ತು, "ಲೇ ತಮ್ಮಾ, ಡಾಲರಿನ್ಯಾಗ ಗಳಿಸಿ ರೂಪಾಯಿನ್ಯಾಗ ಅಳಬ್ಯಾಡಲೇ. ಸತ್ತಗಿತ್ತೀ!" ಎಂದ. ಅಂದಿನಿಂದ ವಾರಕ್ಕೊಂದು ಕಾಫಿ ನನ್ನ ಆಯವ್ಯಯದಲ್ಲಿ ಮಂಜೂರಾಯಿತು.

ಆಯವ್ಯಯವೆಂದೆನಲ್ಲ, ಅದರ ವೈಭವವನ್ನು ತುಸು ವರ್ಣಿಸಲೇಬೇಕು. ಪಾಠ ಹೇಳುವ ಸಹಾಯಕನಾಗಿ ನನಗೆ ಬರುತ್ತಿದ್ದದ್ದು ತಿಂಗಳಿಗೆ ಇನ್ನೂರ ನಲವತ್ತು ಡಾಲರು. ತಿಂಗಳ ಮೊದಲ ದಿನವೇ ಅದನ್ನು ನಗದು ಮಾಡಿಸಿ ಏಳು ಲಕೋಟೆಗಳಿಗೆ ಹಂಚುತ್ತಿದ್ದೆ. ಲಕೋಟೆಗಳೂ ಕೊಂಡವಲ್ಲ, ವಿದ್ಯುತ್ತಿನ ಬಿಲ್ಲು ಬಂದವನ್ನೇ ಬಿಡಿಸಿ, ತಿರುವಿ, ಅನ್ನದ ಅಗುಳಿನಿಂದ ಅಂಟಿಸಿದಂಥವು. ಫೀಸು, ಬಾಡಿಗೆ, ಊಟ, ಬಸ್ಸು, ಅಂಚೆ, ಇತರೆ ಎಂದು ಆರರ ಮೇಲೆ ಬರೆದಿತ್ತು. ಇವುಗಳಲ್ಲಿ 'ಇತರೆ' ಎಂಬುದೊಂದು ಮಹಾ ಬಕಾಸುರ. ಬಾಯಿ ಎಷ್ಟು ಬಿಗಿದರೂ ಪಕ್ಕದ ಲಕೋಟೆಯೊಳಕ್ಕೆ ಕೈ ಹಾಕುತ್ತಿತ್ತು. ಅದನ್ನು ಹದ್ದುಬಸ್ತಿನಲ್ಲಿಡಲು ನಾವಿಬ್ಬರೂ ನಾನಾ ವ್ರತಗಳನ್ನು ಕೈಗೊಂಡೆವು. ಹಿಂದಿನ ದಿನದ ಬ್ರೆಡ್ಡು ಅರ್ಧ ಬೆಲೆಗೆ ಸಿಗುವ ಅಂಗಡಿಯನ್ನು ಹುಡುಕಿದೆವು. ತೊಗರಿಬೇಳೆ ನ್ಯೂಯಾರ್ಕಿನಿಂದ ಅಂಚೆಯಲ್ಲಿ ಬರಬೇಕಾಗಿದ್ದರಿಂದ, ಇಲ್ಲಿಯೇ ಸಿಗುವ ಹಳದಿ ಬಟಾಣಿಬೇಳೆಯ ಹುಳಿಗೆ ನಾಲಿಗೆಯನ್ನು ಒಗ್ಗಿಸಿದೆವು. ನನ್ನ ತಾಯಿ ಕೊಟ್ಟಿದ್ದ ಸಾರಿನ ಪುಡಿಯ ಡಬ್ಬಿಗೆ ಪೆನ್ಸಿಲಿನಿಂದ ತಿಂಗಳುಗಳ ಗೆರೆ ಎಳೆದು, ಆ ಗೆರೆ ದಾಟಿ ಕೆಳಗಿಳಿಯುವಂತಿಲ್ಲವೆಂದು ಕಾನೂನು ಮಾಡಿದೆವು. ಪಾಟೀಲ ನನ್ನ ಕ್ಷೌರ ಮಾಡುತ್ತಿದ್ದ, ನಾನು ಅವನದು. ಇಬ್ಬರ ತಲೆಯನ್ನೂ ನೋಡಿದ ನನ್ನ ಪ್ರೊಫೆಸರು, ನಿಮ್ಮ ದೇಶದಲ್ಲಿ ಇದೇನಾದರೂ ಧಾರ್ಮಿಕ ಆಚರಣೆಯೇ ಎಂದು ಬಹು ಗೌರವದಿಂದ ವಿಚಾರಿಸಿದರು. ಹೌದೆಂದೆ. ಧರ್ಮಕ್ಕೆ ಆದದ್ದಾದ್ದರಿಂದ ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಏಳನೆಯ ಲಕೋಟೆಯ ಮೇಲೆ 'ವ' ಎಂಬ ಒಂದೇ ಅಕ್ಷರ. ಅದು ವಸುಮತಿಯದು. ವಸು ಎಂದರೆ ಐಶ್ವರ್ಯ, ವಸುಮತಿ ಐಶ್ವರ್ಯವಂತೆ. ಅಂಥವಳನ್ನು ಕರೆಸಿಕೊಳ್ಳಲು ನನ್ನಲ್ಲಿ ದುಡ್ಡಿರಲಿಲ್ಲ. ನಾನು ಹೊರಡುವ ಇಪ್ಪತ್ತೊಂದು ದಿನ ಮೊದಲು ನಮ್ಮ ಮದುವೆಯಾಗಿತ್ತು. ಆ ಇಪ್ಪತ್ತೊಂದರಲ್ಲಿ ಹದಿನಾಲ್ಕು ದಿನ ನೆಂಟರ ಮನೆಯ ಊಟಕ್ಕೂ ಐದು ದಿನ ಪಾಸ್‌ಪೋರ್ಟು, ವೀಸಾಗಳ ಓಡಾಟಕ್ಕೂ ಹೋಗಿ, ನಾವಿಬ್ಬರೇ ಕೂತು ಮಾತಾಡಲು ಸಿಕ್ಕಿದ್ದು ಲೆಕ್ಕ ಹಾಕಿದರೆ ಎರಡು ದಿನ. ಅವಳ ಒಂದು ದಿಕ್ಕಿನ ವಿಮಾನದ ಟಿಕೆಟ್ಟಿಗೆ ಐನೂರ ಇಪ್ಪತ್ತು ಡಾಲರು ಬೇಕಿತ್ತು. ಸಾಲ ಮಾಡಬಾರದೆಂದು ತಂದೆಗೆ ಮಾತು ಕೊಟ್ಟಿದ್ದೆ. ಹದಿನೈದು ದಿನಕ್ಕೆ ಹದಿನೆಂಟು ಡಾಲರು 'ವ' ಲಕೋಟೆಗೆ ಹಾಕುವುದು, ಅದನ್ನು ಏನೇ ಆದರೂ ಮುಟ್ಟದಿರುವುದು ನನ್ನ ಪ್ರತಿಜ್ಞೆ. ಅವಳು ಅಲ್ಲಿ, ಮೈಸೂರಿನ ನಮ್ಮ ಮನೆಯಲ್ಲಿ, ಅತ್ತೆ ಮಾವಂದಿರ ಜೊತೆ ಕಾಯುತ್ತಿದ್ದಳು.

ಇನ್ನು ಅಂಚೆಯ ವಿಷಯ. ಆಗ ಊರಿಗೆ ಬರೆಯಲು ಎಲ್ಲಕ್ಕಿಂತ ಅಗ್ಗವಾದದ್ದು ಏರೋಗ್ರಾಮ್. ತೆಳ್ಳನೆಯ ನೀಲಿ ಹಾಳೆ. ಒಳಗೆ ಬರೆದು ಮಡಿಸಿ ಅಂಟಿಸಿದರೆ ಅದೇ ಲಕೋಟೆ. ಹೊರಗೆ ವಿಳಾಸದ ಬದಿಯ ಮೂಲೆಯಲ್ಲಿ ಅಂಚೆಚೀಟಿಯನ್ನೂ ಅಚ್ಚು ಹಾಕಿರುತ್ತಿದ್ದರು. ಬೆಲೆ ಹದಿಮೂರು ಸೆಂಟು. ಹದಿನೈದು ದಿನಕ್ಕೊಂದರಂತೆ ಮನೆಗೆಲ್ಲ ಸೇರಿ ಒಂದೇ ಏರೋಗ್ರಾಮ್ ಸಾಕೆಂದು ನಾನು ಗೊತ್ತು ಮಾಡಿದೆ. ಹೆಂಡತಿಗೆ ಬೇರೆ ಕಾಗದ ಬರೆಯುವುದು ದುಂದುವೆಚ್ಚ ಮಾತ್ರವಲ್ಲ, ಮದುವೆಯಾದ ಹೊಸದರಲ್ಲಿ ಸ್ವಲ್ಪ ನಾಚಿಕೆಗೇಡೂ ಹೌದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇತ್ತು. ಆದ್ದರಿಂದ ಆ ಒಂದು ಹಾಳೆಗೂ ಆಯವ್ಯಯ ಸಿದ್ಧವಾಯಿತು: ತಂದೆಯವರಿಗೆ ಅರ್ಧ ಹಾಳೆ, ತಾಯಿಗೆ ಕಾಲು, ಇಬ್ಬರು ತಂಗಿಯರಿಗೂ ಚಿಕ್ಕಪ್ಪನಿಗೂ ಉಳಿದದ್ದರಲ್ಲಿ ಹಿಸ್ಸೆ. ಕಟ್ಟಕಡೆಯ ಮಡಿಕೆಯ ಒಂದು ಮೂಲೆಯಲ್ಲಿ ಸಣ್ಣದೊಂದು ಚೌಕ ಬರೆದು, ಅದನ್ನು ವಸುಮತಿಗೆಂದು ಇಟ್ಟೆ. ಇಷ್ಟು ಜನರನ್ನು ಇಷ್ಟು ಜಾಗದಲ್ಲಿ ಕೂರಿಸಬೇಕಾದಾಗ ಅಕ್ಷರಗಳು ಮೈ ಕುಗ್ಗಿಸಿಕೊಳ್ಳದೆ ಇನ್ನೇನು ಮಾಡಿಯಾವು? ಚಳಿಗಾಲ ಮುಗಿಯುವುದರೊಳಗೆ ನನ್ನ 'ಕ' ಎಂಬುದು ಅಕ್ಕಿನುಚ್ಚಿನ ಗಾತ್ರಕ್ಕೆ ಇಳಿದಿತ್ತು. ಹಾಳೆಯೊಂದಕ್ಕೆ ಎಪ್ಪತ್ತು ಸಾಲು ಹಿಡಿಸಿದ ದಿನ ಪಾಟೀಲನನ್ನು ಕರೆದು ತೋರಿಸಿ ಹೆಮ್ಮೆಪಟ್ಟೆ. ಆತ ಹಾಳೆಯನ್ನು ದೀಪಕ್ಕೆ ಹಿಡಿದು, "ಇದನ್ನ ಓದೋವ್ರಿಗೆ ಕನ್ನಡಕದ ಖರ್ಚು ಯಾರು ಕೊಡ್ತಾರಲೇ?" ಎಂದ.

ಮನೆಯಿಂದ ಬರುವ ಉತ್ತರವೂ ಸಾಮೂಹಿಕವೇ. ತಂದೆಯವರ ದೊಡ್ಡಕ್ಷರದ ಎರಡು ಪುಟ, ತಾಯಿಯ ಆಶೀರ್ವಾದ, ಕೊನೆಗೆ ವಸುಮತಿಯ ನಾಲ್ಕು ಸಾಲು. ನಾಲ್ಕು ಸಾಲು ದೀಪಾವಳಿಯ ಹೊತ್ತಿಗೆ ಎರಡಾಯಿತು. ಸಂಕ್ರಾಂತಿಯ ಹೊತ್ತಿಗೆ ಒಂದಾಯಿತು. ಯುಗಾದಿಯ ಕಾಗದದಲ್ಲಿ "ನಾನು ಕ್ಷೇಮ" ಎಂದಷ್ಟೇ ಇತ್ತು. ಇದನ್ನು ಕಂಡು ನನಗೆ ಏನನ್ನಿಸಿತೆಂದು ಹೇಳಿದರೆ ತಾವು ನಗುತ್ತೀರಿ, ನಗಬೇಕು. ನನಗೆ ಸಂತೋಷವಾಯಿತು. ನನ್ನ ಮಿತವ್ಯಯದ ದೀಕ್ಷೆ ಸಪ್ತಸಾಗರಗಳನ್ನು ದಾಟಿ ಸಹಧರ್ಮಿಣಿಗೂ ತಗುಲಿತು, ಎರಡೇ ಪದದಲ್ಲಿ ಸಂಸಾರದ ಸಮಾಚಾರವನ್ನೆಲ್ಲ ಹೇಳುವ ಸಾಮರ್ಥ್ಯ ಅವಳಿಗೆ ಬಂತು ಎಂದುಕೊಂಡೆ. ಇಷ್ಟು ಓದಿದವನು ಇಷ್ಟು ದಡ್ಡನಾಗಿರಲು ಸಾಧ್ಯವೇ ಎಂದು ತಾವು ಕೇಳಬಹುದು. ಸಾಧ್ಯ, ನಾನೇ ಸಾಕ್ಷಿ.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ನನ್ನೊಬ್ಬನ ಹೆಸರಿಗೆ ಒಂದು ಏರೋಗ್ರಾಮ್ ಬಂತು. ವಿಳಾಸದ ಅಕ್ಷರ ವಸುಮತಿಯದು. ಪಾಟೀಲನೂ ನಾನೂ ವಾರದ ಬಟ್ಟೆಯ ಮೂಟೆ ಹೊತ್ತು ಲಾಂಡ್ರಿಗೆ ಹೊರಟಿದ್ದೆವು. ಅಲ್ಲಿ ಯಂತ್ರಕ್ಕೆ ಬಟ್ಟೆ ತುಂಬಿ ಬೆಂಚಿನ ಮೇಲೆ ಕೂತು ಕಾಗದ ಒಡೆದೆ. ಒಂದು ಇಡೀ ಹಾಳೆ. ಅದರ ಒಕ್ಕಣೆ ಇಂದಿಗೂ ನನಗೆ ಬಾಯಿಪಾಠ.

"ನಿಮ್ಮ ಕಾಗದ ಬಂದೊಡನೆ ಮಾವನವರು ಅದನ್ನು ಜೋಪಾನವಾಗಿ ಬಿಡಿಸಿ, ಮೊದಲು ಅಂಚೆಚೀಟಿಯನ್ನು ಕತ್ತರಿಯಿಂದ ಚೌಕವಾಗಿ ಕತ್ತರಿಸಿಕೊಳ್ಳುತ್ತಾರೆ. ಅವರಿಗೆ ಅಂಚೆಚೀಟಿ ಕೂಡಿಡುವ ಹವ್ಯಾಸ ಎಂಬುದು ನಿಮಗೆ ಗೊತ್ತೇ ಇದೆ. ಆಮೇಲೆ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಓದುತ್ತಾರೆ. ಡೆಟ್ರಾಯಿಟಿನಲ್ಲಿ ಆಲೂಗೆಡ್ಡೆಯ ಬೆಲೆ ಎಷ್ಟೆಂಬುದು ಈಗ ನಮ್ಮ ಬೀದಿಗೆಲ್ಲ ಗೊತ್ತು. ಕೊನೆಯ ಮೂಲೆಗೆ ಬಂದಾಗ ಮಾತ್ರ ಅವರು ಆ ಕಡೆಗೆ ಕಣ್ಣು ಹಾಯಿಸದೆ, 'ಇದು ನಿನ್ನದಮ್ಮ' ಎಂದು ಹಾಳೆಯನ್ನು ನನ್ನ ಕೈಗೆ ಕೊಡುತ್ತಾರೆ. ಅದು ಅವರ ದೊಡ್ಡತನ. ನನ್ನ ಮೂಲೆಯಲ್ಲಿ ಇರುವುದು ಒಂದು ಕಿಟಕಿ. ನೀವು ನನಗೆ ಕೊಟ್ಟಿರುವ ಜಾಗ ಅಂಚೆಚೀಟಿಯ ಬೆನ್ನಿಗೆ ಸರಿಯಾಗಿ ಬರುತ್ತದೆ. ಅಂಚಿನಲ್ಲಿ ಒಂದೆರಡು ಅಕ್ಷರಗಳ ಬಾಲ ಉಳಿದಿರುತ್ತದೆ, ಅಷ್ಟೆ. ಎಂಟು ತಿಂಗಳಲ್ಲಿ ಹದಿನಾರು ಕಿಟಕಿ. ಮಾವನವರನ್ನು ನಾನು ದೂರುವುದಿಲ್ಲ. ಅವರು ಕತ್ತರಿಸಿದ್ದು ಅಂಚೆಚೀಟಿಯನ್ನು. ನನ್ನನ್ನು ಅಂಚೆಚೀಟಿಯ ಅಳತೆಗೆ ಕತ್ತರಿಸಿದವರು ನೀವು.

"ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೊಂದು ಕೆಲಸವಿದೆ ಎಂದು ನಮ್ಮ ತಂದೆ ಬರೆದಿದ್ದಾರೆ. ಜೂನ್ ಮುಗಿಯುವುದರೊಳಗೆ ಸೇರಬೇಕಂತೆ. ಸೇರಿದರೆ ಎರಡು ವರ್ಷ ಬಿಡುವ ಹಾಗಿಲ್ಲ. ಅಲ್ಲಿಯಾದರೂ ಹಾಜರಿಯ ಪುಸ್ತಕದಲ್ಲಿ ನನ್ನ ಹೆಸರಿಗೆ ಒಂದು ಪೂರ್ತಿ ಸಾಲು ಸಿಗುತ್ತದೆ. ನೀವು ಟಿಕೆಟ್ಟಿನ ದುಡ್ಡು ಉಳಿಸುತ್ತಿದ್ದೀರಿ, ಸರಿ. ಪ್ರಯಾಣ ಮಾಡಬೇಕಾದವಳನ್ನು ಉಳಿಸಿಕೊಳ್ಳುವ ಯೋಚನೆ ಏನಾದರೂ ಇದೆಯೇ? ತಿಳಿಸಿ."

ನನ್ನ ಮುಖದ ಬಣ್ಣ ನೋಡಿ ಪಾಟೀಲ ಕಾಗದವನ್ನು ಕೇಳಿದ. ಕೊಟ್ಟೆ. ಓದಿ ಮುಗಿಸಿ, ಅವನು ಎಂದೂ ಇಲ್ಲದಷ್ಟು ಮೆಲ್ಲಗೆ, "ಎಷ್ಟು ಉಳಿಸಿದಿಲೇ, ಬ್ಯಾರೆ ಕಾಗದ ಬರೀಲಾರದ?" ಎಂದು ಕೇಳಿದ. ಅಭ್ಯಾಸಬಲದಿಂದ ಬಾಯಿ ತಾನಾಗಿಯೇ ಗುಣಿಸಿತು: ಹದಿನಾರು ಹದಿಮೂರಲ ಇನ್ನೂರ ಎಂಟು. ಎರಡು ಡಾಲರು ಎಂಟು ಸೆಂಟು. ಏಳೂವರೆಯಿಂದ ಗುಣಿಸಿದರೂ ಹದಿನೈದು ರೂಪಾಯಿ ಅರವತ್ತು ಪೈಸೆ. "ಎರಡು ಡಾಲರ್ ಉಳಸ್ಲಿಕ್ಕೆ ಹೋಗಿ ಹೇಣ್ತೀನ್ನ ಖರ್ಚು ಮಾಡ್ಲಿಕ್ಕತ್ತೀಯಲ್ಲೋ! ಅಕಿ ಬರಂಗಿಲ್ಲ ಅಂದ್ರ ಆ ಲಕೋಟಿ ತಗೊಂಡು ಏನ್ ಮಾಡಾಂವ? ಅಟ್ಟಕ್ಕ ತೂಗುಹಾಕ್ತೀ?" ಎಂದು ಬೈದು, ಬಟ್ಟೆ ಒಣಗಿಸಲು ಇಟ್ಟಿದ್ದ ಚಿಲ್ಲರೆಯನ್ನೆಲ್ಲ ನನ್ನ ಅಂಗೈಗೆ ಸುರಿದು, ಅಂಚೆಕಚೇರಿ ಮುಚ್ಚುವುದರೊಳಗೆ ಓಡು ಎಂದ. ಓಡಿದೆ. ನನಗೆ ಭಯವಾಗಿತ್ತು. ಎರಡು ದಿನದ ಮಾತಿನ ಪರಿಚಯವಿದ್ದ ಒಬ್ಬ ಹೆಣ್ಣುಮಗಳನ್ನು ಎಂಟು ತಿಂಗಳ ಉಳಿತಾಯದಿಂದ ನಾನು ಕಳೆದುಕೊಳ್ಳುತ್ತಿದ್ದೆ.

ಮೂರು ಏರೋಗ್ರಾಮ್ ಕೊಂಡು ಲಾಂಡ್ರಿಗೆ ಮರಳಿ, ಅದೇ ಬೆಂಚಿನ ಮೇಲೆ ಕೂತು ಮೂರನ್ನೂ ತುಂಬಿಸಿದೆ. ಒಂದು, ಎರಡು, ಮೂರು ಎಂದು ಅಂಕಿ ಹಾಕಿ, ಮೂರರ ಮೇಲೂ ಶ್ರೀಮತಿ ವಸುಮತಿ ಎಂದು ಅವಳ ಹೆಸರನ್ನೇ ಬರೆದೆ. ಏನು ಬರೆದೆನೆಂದು ಇಲ್ಲಿ ಹೇಳುವುದಿಲ್ಲ. ಆಲೂಗೆಡ್ಡೆಯ ಬೆಲೆ ಬರೆಯಲಿಲ್ಲವೆಂದು ಮಾತ್ರ ಪ್ರಮಾಣ ಮಾಡಬಲ್ಲೆ. ಆ ಮಧ್ಯಾಹ್ನ ನಮ್ಮ ಬಟ್ಟೆಗಳು ಒಣಗಲಿಲ್ಲ. ಇಬ್ಬರೂ ಒದ್ದೆ ಮೂಟೆ ಹೊತ್ತು ಮನೆಗೆ ಬಂದು, ಅಡುಗೆಮೂಲೆಯಿಂದ ಕೋಣೆಯವರೆಗೆ ಹಗ್ಗ ಕಟ್ಟಿ ಹರವಿದೆವು. ಪಾಟೀಲ ಒಂದು ಮಾತೂ ಗೊಣಗಲಿಲ್ಲ. ಅವನಿಗೆ ನಾನು ಈ ಜನ್ಮದಲ್ಲಿ ತೀರಿಸಲಾರದ ಋಣವೆಂದರೆ ಆ ಒದ್ದೆ ಬಟ್ಟೆಯದು.

ಉತ್ತರಕ್ಕೆ ಮೂರು ವಾರ ಕಾದೆ. ಆ ಮೂರು ವಾರವೂ ವಾರಕ್ಕೊಂದು ಕಾಗದ ಅವಳ ಹೆಸರಿಗೆ ಹೋಗುತ್ತಲೇ ಇತ್ತು. ಕೊನೆಗೆ ಬಂತು. ಮೈಸೂರಿನಲ್ಲಿ ಅಂಚೆಯವನು ಬಾಗಿಲಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗಿದಾಗ ಮನೆಯಲ್ಲಾದ ಸಡಗರವನ್ನು ಬರೆದಿದ್ದಳು. ಮಾವನವರು ಮೂರನ್ನೂ ಒಡೆಯದೆ ಅವಳ ಕೈಗೆ ಕೊಟ್ಟು, ತುಸು ಹೊತ್ತು ಅತ್ತಿತ್ತ ಓಡಾಡಿ, ಗಂಟಲು ಸರಿಮಾಡಿಕೊಂಡು, "ಅಮ್ಮಾ, ಓದಿ ಆದ್ಮೇಲೆ ಸ್ಟಾಂಪು ಕೊಡ್ತೀಯಾ?" ಎಂದು ಕೇಳಿದರಂತೆ. ಕೊಡುತ್ತೇನೆ ಎಂದಳಂತೆ. "ತುಮಕೂರಿಗೆ ಬರುವುದಿಲ್ಲವೆಂದು ತಂದೆಗೆ ಬರೆದಿದ್ದೇನೆ. ಇನ್ನು ಮುಂದೆ ಅಂಚೆಚೀಟಿಯ ಬೆನ್ನಿನ ಜಾಗವನ್ನು ಖಾಲಿ ಬಿಡಿ. ಅದು ಮಾವನವರಿಗೆ; ಉಳಿದ ಹಾಳೆ ಪೂರ್ತಿ ನನಗೆ" ಎಂದು ಮುಗಿಸಿದ್ದಳು. ಓದಿ, ನಾನು ಆ ದಿನ ಯಂತ್ರದ ಕಾಫಿಯನ್ನು ಎರಡು ಲೋಟ ಕುಡಿದೆ, ಎರಡನ್ನೂ ಗುಣಿಸದೆ.

ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ತಟ್ಟೆ ತೊಳೆದು 'ವ' ಲಕೋಟೆಯನ್ನು ತುಂಬಿಸಿದೆ. ಅಕ್ಟೋಬರಿಗೆ ಟಿಕೆಟ್ಟು ಸಿದ್ಧವಾಯಿತು. ನ್ಯೂಯಾರ್ಕಿನಲ್ಲಿ ಇಳಿದು, ವಿಮಾನ ಬದಲಿಸಿ ಅವಳು ಡೆಟ್ರಾಯಿಟಿಗೆ ಬರಬೇಕು. ನ್ಯೂಯಾರ್ಕು ತಲಪಿದ್ದು ನನಗೆ ತಿಳಿಯಬೇಕಲ್ಲ, ಅದಕ್ಕೆ ನಮ್ಮ ವಿದ್ಯಾರ್ಥಿ ಸಮುದಾಯದಲ್ಲಿ ಆಗ ಸರ್ವಮಾನ್ಯವಾಗಿದ್ದ ಒಂದು ಪುಕ್ಕಟೆ ಉಪಾಯವಿತ್ತು. ಇಂಥವರೇ ಬೇಕು, ದುಡ್ಡು ಅವರೇ ಕೊಡುತ್ತಾರೆ ಎಂದು ಆಪರೇಟರಿಗೆ ಹೇಳಿ ಫೋನು ಮಾಡಿಸುವುದು. ಕರೆ ಬಂದ ಮನೆಯವರು, ಅವರು ಮನೆಯಲ್ಲಿಲ್ಲ ಎನ್ನುವುದು. ಇಲ್ಲದವರಿಗೆ ಬಂದ ಕರೆಗೆ ಕಾಸಿಲ್ಲ; ಬಂದ ಸುದ್ದಿ ಮಾತ್ರ ಬಂದಂತೆಯೇ. ನಮ್ಮ ಮನೆಯ ಮಟ್ಟಿಗೆ ಈ ಇಲ್ಲದ ಮನುಷ್ಯನ ಹೆಸರು ಮಿಸ್ಟರ್ ಗಣಪತಿ. ಶುಭಕಾರ್ಯಕ್ಕೆಲ್ಲ ಮೊದಲು ಅವನ ಹೆಸರೇ ಇರಲೆಂದು ಪಾಟೀಲ ಆರಿಸಿದ್ದ. ಸ್ಕೋಕಿ ಎಂಬ ದೂರದ ಊರಿನಲ್ಲಿದ್ದ ತನ್ನ ಅಣ್ಣನ ಮನೆಗೆ ಬಸ್ಸಿನಲ್ಲಿ ಹೋದಾಗಲೆಲ್ಲ, ತಲಪಿದೆನೆಂದು ತಿಳಿಸಲು ಆತ ಗಣಪತಿಯನ್ನು ಕೇಳುತ್ತಿದ್ದ, ನಾನು ಊರಲ್ಲಿಲ್ಲ ಎನ್ನುತ್ತಿದ್ದೆ. ಮಾಡುತ್ತಿದ್ದದ್ದು ಸರಿಯಲ್ಲವೆಂದು ಇಂದು ಒಪ್ಪಿಕೊಳ್ಳುತ್ತೇನೆ. ಅಂದು ಅದನ್ನು ಜಾಣತನವೆಂದು ಕರೆಯುತ್ತಿದ್ದೆವು. ವಸುಮತಿಗೂ ಇದನ್ನೆಲ್ಲ ಒಂದು ಏರೋಗ್ರಾಮಿನಲ್ಲಿ ಫೋನಿನ ಚಿತ್ರ ಸಮೇತ ವಿವರಿಸಿ, ಮಿಸ್ಟರ್ ಗಣಪತಿ ಇಲ್ಲ ಎಂದು ನಾನು ಹೇಳಿದ ತಕ್ಷಣ ಫೋನು ಇಡಬೇಕೆಂದು ಕೆಳಗೆ ಗೆರೆ ಎಳೆದು ಬರೆದಿದ್ದೆ.

ಮಧ್ಯಾಹ್ನ ಎರಡು ಗಂಟೆಗೆ ಫೋನು ಬಡಿದುಕೊಂಡಿತು. ಪಾಟೀಲ ಹಿಂದೆಯೇ ಬಂದು ನಿಂತ. ಆಪರೇಟರು ಹೆಂಗಸು ರಾಗವಾಗಿ, ನ್ಯೂಯಾರ್ಕಿನಿಂದ ಕಲೆಕ್ಟ್ ಕಾಲ್, "ಈಸ್ ಮಿಸ್ಟರ್ ಗನಪಾಟಿ ದೇರ್?" ಎಂದಳು. ಒಂದು ವರ್ಷದಿಂದ ಅಭ್ಯಾಸ ಮಾಡಿದ ಇಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಆ ಹೆಂಗಸಿನ ಧ್ವನಿಯ ಹಿಂದಿನಿಂದ, ನಿಯಮದ ಪ್ರಕಾರ ಬಾಯಿ ತೆರೆಯಬಾರದಿದ್ದವಳು, ಗಾಬರಿಯಿಂದಲೋ ಸಂತೋಷದಿಂದಲೋ, "ರೀ... ಕೇಳಿಸ್ತಿದೆಯಾ?" ಎಂದಳು.

ನಾನು, "ಐಯಾಮ್ ಮಿಸ್ಟರ್ ಗಣಪತಿ. ಐ ವಿಲ್ ಪೇ" ಎಂದೆ. ಹಿಂದೆ ಪಾಟೀಲ, "ಸಿದ್ಧಾರೂಢಾ!" ಎಂದದ್ದು ಕೇಳಿಸಿತು.

ವಸುಮತಿ ನನ್ನೊಡನೆ ಅಮೆರಿಕದಲ್ಲಿ ಆಡಿದ ಮೊದಲ ಮಾತು ಬೈಗುಳ. "ಇದೇನ್ರೀ ಮಾಡಿದ್ರಿ? ಗಣಪತಿ ಇಲ್ಲ ಅನ್ನಬೇಕಿತ್ತಲ್ಲ, ನೀವೇ ತಾನೇ ಗೆರೆ ಎಳೆದು ಬರೆದಿದ್ದು? ಸುಮ್ಮನೆ ದುಡ್ಡು ದಂಡ!" ಇದಾನೆ, ಇಲ್ಲೇ ಇದಾನೆ, ಎಂದೆ. ಆಮೇಲೆ ಅವಳು ಅಲ್ಲಿ ತುಂಬ ಚಳಿ, ಬೋರ್ಡಿನ ಮೇಲೆ ನಲವತ್ತೆಂಟು ಡಿಗ್ರಿ ಅಂತಿದೆ, ನಲವತ್ತೆಂಟು ಅಂದರೆ ಸುಡಬೇಕಲ್ಲ ಎಂದಳು. ನಾನು ಇಲ್ಲಿಯ ಲೆಕ್ಕ ಫ್ಯಾರನ್‌ಹೀಟಿನದು ಎಂದು ವಿವರಿಸಿದೆ. ಮೂರು ನಿಮಿಷ ಕಳೆಯಿತು, ನಾಲ್ಕೂ ಕಳೆಯಿತು. ಇಷ್ಟು ದುಬಾರಿಯಾದ ಹವಾವರ್ತಮಾನವನ್ನು ನಾನು ಮುಂದೆಂದೂ ಕೇಳಲಿಲ್ಲ, ಅಷ್ಟು ಸುಖವಾಗಿ ದುಡ್ಡು ಖರ್ಚು ಮಾಡಲೂ ಇಲ್ಲ. ತಿಂಗಳ ಕೊನೆಗೆ ಬಿಲ್ಲು ಬಂದಾಗ, ಏರೋಗ್ರಾಮಿನಲ್ಲಿ ಎಂಟು ತಿಂಗಳು ಉಳಿಸಿದ್ದಕ್ಕಿಂತ ಅದೇ ಹೆಚ್ಚಾಗಿತ್ತು. ಪಾಟೀಲ ಅರ್ಧ ತಾನೇ ಕೊಟ್ಟು, ಮನೆಯ ಲೆಕ್ಕದಲ್ಲಿ 'ಗಣಪತಿ ಪೂಜಾ ವೆಚ್ಚ' ಎಂದು ಬರೆದಿಟ್ಟ.

ಮನೆಗೆ ಬಂದು ಪೆಟ್ಟಿಗೆ ತೆಗೆದವಳೇ ವಸುಮತಿ ಒಂದು ಲಕೋಟೆಯನ್ನು ನನ್ನ ಮುಂದಿಟ್ಟಳು. ಹೊರಡುವ ದಿನ ನನ್ನ ತಂದೆಯವರು, ಎಲ್ಲ ಒಂದೇ ಚಿತ್ರದವು, ಅಲ್ಲೇ ಯಾರಿಗಾದರೂ ಬೇಕಾದೀತು ಎಂದು ಕೊಟ್ಟದ್ದಂತೆ. ಹದಿನಾರು ನೀಲಿ ಚೌಕಗಳು. ಅವುಗಳನ್ನು ಅವಳು ದಾರಿಯಲ್ಲಿ ವಿಮಾನದ ದೀಪದ ಕೆಳಗೆ ಮಗುಚಿ ಓದಿದ್ದಳು. ನಾನು ಅಲ್ಲಿ ಏನೋ ಕಾವ್ಯವನ್ನೇ ಬರೆದಿದ್ದೆನೆಂದು ಅಷ್ಟು ದಿನ ನಂಬಿಕೊಂಡಿದ್ದೆ. ಮೇಜಿನ ಮೇಲೆ ಅವಳು ಸಾಲಾಗಿ ಜೋಡಿಸಿದಾಗ ನೋಡಿದರೆ, 'ಚಳಿಗೆ ಹುಷಾರು' ಮುಂತಾದ ಒಂದೆರಡು ಬಡ ಮಾತಿನ ಜೊತೆಗೆ ಒಂದೊಂದರ ಮೇಲೂ ಒಂದು ಅಂಕಿ ಇತ್ತು. ಇನ್ನು ಐನೂರ ಎರಡು. ಇನ್ನು ನಾನೂರ ಎಂಬತ್ತನಾಲ್ಕು. ಇನ್ನು ನಾನೂರ ಅರವತ್ತಾರು. ಹೀಗೆ ಇಳಿಯುತ್ತ ಇಳಿಯುತ್ತ ಹದಿನಾರನೆಯದರಲ್ಲಿ ಇನ್ನೂರ ಮೂವತ್ತೆರಡಕ್ಕೆ ಬಂದು ನಿಂತಿತ್ತು. ಅವಳು ಬರಲು ಇನ್ನೆಷ್ಟು ಡಾಲರು ಬೇಕೆಂಬುದೇ ನನ್ನ ಪ್ರೇಮಪತ್ರ. ಅವಳ ಕಣ್ಣು ತುಂಬಿತ್ತು. "ಇದೊಂದು ಗೊತ್ತಾಗಿದ್ರೆ ಸಾಕಿತ್ತು ಕಣ್ರೀ ನಂಗೆ," ಎಂದಳು, "ದಿನಾ ಎಣಿಸ್ಕೊಂಡು ಇರ್ತಿದ್ದೆ."

ಉಳಿತಾಯದ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ. ಇವತ್ತಿಗೂ ನಾನು ನಿನ್ನೆಯ ಬ್ರೆಡ್ಡನ್ನು ಹುಡುಕುತ್ತೇನೆ, ಭಾನುವಾರದ ಪೇಪರಿನ ಕೂಪನ್ ಕತ್ತರಿಸುತ್ತೇನೆ. ಈಗ ಡೆಟ್ರಾಯಿಟಿನ ಹೊರವಲಯದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಎರಡು ಕಾರಿನ ಯಜಮಾನನಾಗಿರುವ ಪಾಟೀಲ ಬಂದರೆ ಅವನಿಂದಲೇ ಕ್ಷೌರ ಮಾಡಿಸಿಕೊಳ್ಳುವುದನ್ನು ಮಾತ್ರ ಬಿಟ್ಟಿದ್ದೇನೆ. ಹೊಸದಾಗಿ ಬರುವ ನಮ್ಮ ಹುಡುಗರು ಬಜೆಟ್ ಹೇಗೆ ಮಾಡೋದು ಅಂಕಲ್ ಎಂದು ಕೇಳಿದರೆ, ಲಕೋಟೆಗಳ ಕ್ರಮವನ್ನು ಹೇಳಿಕೊಟ್ಟು, ಅಂಚೆಯ ಲಕೋಟೆಗೆ ಮಾತ್ರ ಕತ್ತರಿ ಹಾಕಬೇಡಿ ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ, ಅರ್ಥವಾದಂತೆ ಕಾಣುವುದಿಲ್ಲ.

ಟೀಚರಮ್ಮನ ಚೀಟಿಗೆ ಬರೋಣ. ಮಗಳ ಮರ್ಯಾದೆಯ ಪ್ರಶ್ನೆಯಾದ್ದರಿಂದ ಹೊಸ ಹಾಳೆ ತೆಗೆದುಕೊಂಡು, ಕಾಪಿ ಪುಸ್ತಕದ ದಿನಗಳನ್ನು ಸ್ಮರಿಸಿ, ಒಂದೊಂದು ಅಕ್ಷರವನ್ನೂ ಕೊಬ್ಬಿಸಿ ಬರೆದೆ. ಮೂರು ಸಾಲಿಗೆ ಹಾಳೆ ಮುಗಿಯುವ ದುಂದುವೆಚ್ಚವನ್ನು ಎದೆ ಗಟ್ಟಿ ಮಾಡಿಕೊಂಡು ಸಹಿಸಿದೆ. ಸೀಮಾ ಅದನ್ನು ದೂರ ಹಿಡಿದು ಪರೀಕ್ಷಿಸಿ, ತೃಪ್ತಿಯಿಂದ ತಲೆದೂಗಿ, ಆಮೇಲೆ ಹುಬ್ಬು ಗಂಟು ಹಾಕಿ, ಕೆಳಗಿನ ಮೂಲೆಗೆ ಬೆರಳಿಟ್ಟಳು. "ಡ್ಯಾಡಿ, ವೈ ಡಿಡ್ ಯೂ ಲೀವ್ ಎ ಬ್ಲ್ಯಾಂಕ್ ಸ್ಕ್ವೇರ್ ಹಿಯರ್?"

ನೋಡಿದೆ. ಬಿಟ್ಟದ್ದು ನನಗೇ ಗೊತ್ತಿರಲಿಲ್ಲ. ವಸುಮತಿ ಅವಳ ಭುಜದ ಮೇಲಿಂದ ಬಗ್ಗಿ ಹಾಳೆಯನ್ನು ನೋಡಿ, "ಅದು ಮೈಸೂರು ತಾತನ ಜಾಗ ಕಣೇ. ಉಳಿದಿದ್ದೆಲ್ಲ ನಿಂದೇ, ತಗೊಂಡ್ಹೋಗು" ಎಂದಳು.